ಹದಿನಾಲ್ಕು ಹೆಸರಿನ ಪಟ್ಟಿ

ಜನವರಿ ೧೯

ಕಂಪನಿಯ ಸಮಸ್ತ ಮಹಾಜನಗಳೇ!

ಬಣ್ಣ ಬಳಿದುಕೊಂಡು ಕೂತವರೇ, ಇನ್ನೂ ಬಳಿದುಕೊಳ್ಳದೆ ಬೀಡಿ ಸೇದುತ್ತ ನಿಂತವರೇ, ಪರದೆಯ ಹಗ್ಗಕ್ಕೆ ಒರಗಿದವರೇ, ಲೈಟಿನ ಪೆಟ್ಟಿಗೆಯ ಮೇಲೆ ಕಾಲು ಚಾಚಿದವರೇ, ಕೇಳಿ! ಹಿಂದೆ ಕೂತವರಿಗೆ ಕೇಳಿಸದಿದ್ದರೆ ಓದುವವನ ಬೆನ್ನಿಗೆ ಒಂದು ಗುದ್ದು ಕೊಡಿ. ಓದುತ್ತಿರುವವನು ನಮ್ಮ ಹಾಸ್ಯಪಾತ್ರದವನಾದರೆ ಎರಡು ಕೊಡಿ. ಅವನು ನನ್ನ ಕಾಗದದೊಳಗೆ ತನ್ನ ಮಾತು ತುರುಕುತ್ತಾನೆ.

ನಿಮ್ಮ ದೊರೆ ಬದುಕಿದ್ದಾನೆ! ಮೊನ್ನೆ ವಿಮಾನ ಇಳಿದು ಮನೆ ಸೇರಿದ್ದಾನೆ. ಗಂಟಲು ಮಾತ್ರ ಕೂತಿದೆ. ಒಂದು ತಿಂಗಳು ಬಾಯಿ ತೆಗೆಯಕೂಡದು ಎಂದಿದ್ದಾರೆ ಡಾಕ್ಟರು. "ನಿಮ್ಮ ಕೈಲಿ ಆಗುತ್ತೇನ್ರೀ?" ಎಂದರು. "ಯಾಕಾಗಲ್ಲ ಡಾಕ್ಟ್ರೇ!" ಎಂದೆ. ಪಕ್ಕದ ಕೋಣೆಯಲ್ಲಿ ಮಲಗಿದ್ದ ರೋಗಿ ಎದ್ದು ಕೂತನಂತೆ. ಆದ್ದರಿಂದ ಈ ಕಾಗದ. ಮುಂದಿನ ಕ್ಯಾಂಪಿಗೆ ಬರುವ ತನಕ ನನ್ನ ವೇಷವನ್ನು ಯಾರಿಗಾದರೂ ಹಾಕಿ, ಆದರೆ ನನ್ನ ಕಿರೀಟ ಅವನ ತಲೆಗೆ ಸರಿಹೋಗದಿದ್ದರೆ ನನ್ನನ್ನು ಬೈಯಬೇಡಿ.

ಈಗ ನೀವೆಲ್ಲ ಒಳಗೊಳಗೇ ಗೊಣಗುತ್ತಿರುವ ಪ್ರಶ್ನೆಗೆ ಬರುತ್ತೇನೆ. ಹದಿನಾಲ್ಕು ಜನ ಹೋದವರು ಹದಿಮೂರೇ ಜನ ಹಿಂತಿರುಗಿದ್ದೇಕೆ?

ಕೊನೆಯ ಆಟ ನೆನಪಿದೆಯಷ್ಟೆ? ಪರದೇಶದ ಆ ದೊಡ್ಡ ಸಭಾಂಗಣ, ಮೂರನೆಯ ಅಂಕ. ನಾನು ಸಾಯುವ ಹಾಡು ಹಾಡಿ ಸತ್ತೆ. ಹಿಂದಿನ ಸಾಲಿನ ಕತ್ತಲಿನಿಂದ ಒಂದೇ ಒಂದು ಕೂಗು ಬಂತು, "ಒನ್ಸ್ ಮೋರ್!" ಅದರ ಹಿಂದೆ ಇಡೀ ಸಭೆ ಕೂಗಿತು. ಎದ್ದೆ, ಹಾಡಿದೆ, ಸತ್ತೆ. ಮತ್ತೆ ಕೂಗು. ಆ ರಾತ್ರಿ ಮೂರು ಸಲ ಸತ್ತ ದೊರೆ ನಾನು! ಪರದೆ ಬಿದ್ದ ಮೇಲೆ ಇನ್ನೊಂದು ಊರಿನವರು ಬಂದು ಕೈ ಹಿಡಿದುಕೊಂಡರು. ನಾಳೆ ನಮ್ಮ ಊರಲ್ಲೂ ಆ ಹಾಡೊಂದು ಆಗಿಬಿಡಲಿ ಎಂದರು. ಒನ್ಸ್ ಮೋರ್ ಎಂದವರಿಗೆ ಬೆನ್ನು ತೋರಿಸಿದವನು ಮತ್ತೆ ಬಣ್ಣ ಹಚ್ಚಬಾರದು, ನಮ್ಮ ಕಂಪನಿಯಲ್ಲಿ ಇದನ್ನು ಹೇಳಿಕೊಟ್ಟವರು ಮಾಲೀಕರೇ. ಹೋದೆ. ಮಧ್ಯಾಹ್ನ ಹಾಡು ಮುಗಿಸಿ, ಸಂಜೆಯ ವಿಮಾನಕ್ಕೆ ಸೇರಿಕೊಳ್ಳುವುದೆಂದು ಮಾತಾಗಿತ್ತು. ವಾಪಸು ಬರುವಾಗ ಕಾರು ಕೆಟ್ಟು ನಿಂತಿತು. ವಿಮಾನ ಹೋಯಿತು. ಮತ್ತೊಂದರಲ್ಲಿ ಜಾಗ ಸಿಗಲು ನಾಲ್ಕು ದಿನ ಬೇಕಾಯಿತು. ಇಷ್ಟೇ ಕಥೆ.

ವೀಸಾದ ಮೇಲೆ ನಾಲ್ಕು ದಿನ ಹೆಚ್ಚಾಯಿತೆಂದು ವಿಮಾನ ನಿಲ್ದಾಣದಲ್ಲಿ ಒಂದು ಗಂಟೆ ಬೆಂಚಿನ ಮೇಲೆ ಕೂರಿಸಿದರು, ಒಂದು ಮುದ್ರೆ ಒತ್ತಿದರು, ಬಿಟ್ಟರು. ನಾಲ್ಕೇ ದಿನ! ಯಾರ ಗಂಟು ಹೋಯಿತು?

ಪೇಟಿ ಮೇಷ್ಟ್ರಿಗೆ ವಿಶೇಷ ನಮಸ್ಕಾರ. ಮೇಷ್ಟ್ರೇ, ಮುಂದಿನ ವರ್ಷ ಮತ್ತೆ ಕರೆಸುತ್ತೇವೆಂದು ಅಲ್ಲಿ ನಮ್ಮ ಆಟ ಆಡಿಸಿದ ಕನ್ನಡ ಸಂಘದವರು ನನ್ನ ಕೈ ಮೇಲೆ ಕೈ ಇಟ್ಟು ಹೇಳಿದ್ದಾರೆ. ಆಗ ಮಗಳ ಹತ್ತಿರ ಒಂದು ಗಂಟೆಯಲ್ಲ, ಒಂದು ವಾರ ಕೂರುವಿರಂತೆ.

ನಿಮ್ಮ,
ಗುಡುಗು

&nbsp;

ಮೇ ೬

ಗುಡುಗಪ್ಪನಿಗೆ,

ಕಂಪನಿ ಬಿಟ್ಟೆ. ಮಾಲೀಕರು ಹೇಳಿರಬಹುದು. ತಮ್ಮನ ಮನೆಯ ಮಹಡಿಯಲ್ಲಿ ಒಂದು ಕೋಣೆ ಕೊಟ್ಟಿದ್ದಾರೆ. ಬೆಳಿಗ್ಗೆ ಆರು ಮಕ್ಕಳು ಹಾರ್ಮೋನಿಯಂ ಕಲಿಯಲು ಬರುತ್ತಾರೆ. ಒಂದಕ್ಕೂ ಬೆರಳು ತಿರುಗುವುದಿಲ್ಲ, ಬಾಯಿ ಮಾತ್ರ ಚೆನ್ನಾಗಿ ತಿರುಗುತ್ತದೆ. ನಿನ್ನ ನೆನಪಾಗುತ್ತದೆ.

ಫೋನು ಮಾಡಬೇಡ. ತಮ್ಮನ ಹೆಂಡತಿ ಮೂರು ಸಲ ಮಹಡಿ ಹತ್ತಿ ಬಂದು "ಭಾವಾ, ನಿಮ್ಮ ಗುಡುಗು ಲೈನಲ್ಲಿದ್ದಾರೆ" ಎಂದಳು. ನಾನೇ ತೆಗೆದುಕೊಳ್ಳಲಿಲ್ಲ. ನಿನ್ನ ದನಿ ಕೇಳಿದರೆ ಮೂವತ್ತು ವರ್ಷದ ಅಭ್ಯಾಸ, ಬೆರಳು ತಾನಾಗಿ ಅದರ ಹಿಂದೆ ಹೋಗುತ್ತದೆ. ಕಾಗದದಲ್ಲಿ ನಿನಗೆ ದನಿ ಇಲ್ಲ. ನೀನು ಹೇಳಿದ್ದು ಮಾತ್ರ ಇರುತ್ತದೆ.

ಎರಡನೆಯ ಪ್ರವಾಸದ ಅರ್ಜಿಯನ್ನು ತಿರಸ್ಕರಿಸಿದ್ದಾರೆ. ಹದಿಮೂರು ಜನರದ್ದೂ. ನೀನು ಅಂದು ನಿಲ್ದಾಣದಲ್ಲಿ ಇರಲಿಲ್ಲ, ಆದ್ದರಿಂದ ಹೇಳುತ್ತೇನೆ. ನಾವು ಹದಿನಾಲ್ಕು ಜನ ಒಂದೇ ಹಾಳೆಯ ಮೇಲೆ ಹೋದವರು. ಒಂದೇ ಪಟ್ಟಿ, ಒಂದೇ ವೀಸಾ. ಒಟ್ಟಿಗೆ ಒಳಗೆ, ಒಟ್ಟಿಗೆ ಹೊರಗೆ. ಅಲ್ಲಿನ ಅಧಿಕಾರಿ ನಮ್ಮ ತಲೆ ಎಣಿಸಿದ. ಇನ್ನೊಂದು ಸಲ ಎಣಿಸಿದ. ಮಾಲೀಕರು "ಬರ್ತಾನೆ ಸ್ವಾಮಿ, ಬಂದೇಬಿಡ್ತಾನೆ" ಎಂದು ಬಾಗಿಲ ಕಡೆ ನೋಡುತ್ತಲೇ ಇದ್ದರು. ಅಧಿಕಾರಿ ನಿನ್ನ ಹೆಸರಿಗೆ ಒಂದು ಸುತ್ತು ಹಾಕಿದ. ಆಮೇಲೆ ಪಟ್ಟಿಯ ಕೆಳಗೆ, ಎಲ್ಲರ ಹೆಸರಿನ ಕೆಳಗೆ, ಒಂದು ಸಾಲು ಬರೆದ.

ನಾಟಕದವನಾಗಿ ಬೇಡ, ತಂದೆಯಾಗಿ ಹೋಗುತ್ತೇನೆ ಎಂದು ನಾನೊಬ್ಬನೇ ಬೇರೆ ಅರ್ಜಿ ಹಾಕಿದೆ. ಅದೂ ಇಲ್ಲ. ವೀಸಾ ಕಚೇರಿಯ ಕಿಟಕಿಯಾಚೆಗೆ ಕೂತಿದ್ದ ಹುಡುಗಿ ಒಳ್ಳೆಯವಳು. "ತಾತ, ನಿಮ್ಮ ಹೆಸರು ಚೆನ್ನಾಗೇ ಇದೆ. ಅದು ಇರೋ ಪಟ್ಟಿ ಚೆನ್ನಾಗಿಲ್ಲ" ಎಂದಳು. ಮೂರು ವರ್ಷ ಬಿಟ್ಟು ಬರಬೇಕಂತೆ.

ನನ್ನ ಮಗಳನ್ನು ನಾನು ಒಂಬತ್ತು ವರ್ಷದಲ್ಲಿ ನೋಡಿದ್ದು ಒಂದು ಗಂಟೆ. ಅವಳ ಕಾಗದಪತ್ರ ಅಲ್ಲಿ ಪಕ್ಕಾ ಆಗಿಲ್ಲ, ದೇಶ ಬಿಟ್ಟು ಹೊರಗೆ ಕಾಲಿಟ್ಟರೆ ಮತ್ತೆ ಒಳಗೆ ಬಿಡುವುದಿಲ್ಲ. ಇಲ್ಲಿಗೆ ಬರಲಾರಳು, ನಾನು ಹೋಗಬೇಕು. ಅಂದು ಆಟ ಮುಗಿದ ಮೇಲೆ ಬಣ್ಣದ ಕೋಣೆಗೆ ಬಂದಿದ್ದಳಲ್ಲ. ಆ ಒಂದು ಗಂಟೆಯಲ್ಲೂ ಅರ್ಧ ಗಂಟೆ ನೀನೇ ಮಾತಾಡಿದೆ.

ಒಂದೇ ಪ್ರಶ್ನೆ. ಕಾರು ಕೆಟ್ಟಿತ್ತೇ? ಒಂದು ಸಾಲು ಬರೆ, ಸಾಕು.

ಪೇಟಿ ಮೇಷ್ಟ್ರು

&nbsp;

ಮೇ ೧೪

ಪೂಜ್ಯ ಮೇಷ್ಟ್ರಿಗೆ ಸಾಷ್ಟಾಂಗ ನಮಸ್ಕಾರ.

ನಿಮ್ಮ ಕಾಗದ ಓದಿ ಎದೆ ಒಡೆಯಿತು! ಕೆಟ್ಟಿತ್ತೇ ಎಂದು ಕೇಳುತ್ತೀರಾ? ನನ್ನನ್ನು? ಮೂವತ್ತು ವರ್ಷ ನಿಮ್ಮ ಶ್ರುತಿ ಬಿಟ್ಟು ಕೂದಲೆಳೆಯಷ್ಟು ಆಚೀಚೆ ಹೋಗದವನನ್ನು?

ಕೆಟ್ಟಿತ್ತು ಮೇಷ್ಟ್ರೇ. ನೀಲಿ ಬಣ್ಣದ ಕಾರು. ಮೊದಲು ಮುಂದಿನಿಂದ ಹೊಗೆ ಬಂತು, ಆಮೇಲೆ ಗಡಗಡ ಶಬ್ದ, ಆಮೇಲೆ ಒಂದೇ ಸಲ ನಿಂತೇಹೋಯಿತು. ಸುತ್ತ ಬಟಾಬಯಲು. ಡ್ರೈವರು ಕೆಳಗಿಳಿದು ಬಾನೆಟ್ ಎತ್ತಿದ, ಮುಖವೆಲ್ಲ ಕಪ್ಪಾಯಿತು. ನಾನು ನೀರು ತಂದು ಹೊಯ್ದೆ. ತಳ್ಳಿದೆ ಕೂಡ! ಈ ವಯಸ್ಸಿನಲ್ಲಿ, ದೊರೆಯ ಕಿರೀಟ ಇಟ್ಟ ಚೀಲವನ್ನು ಹೆಗಲಿಗೆ ಹಾಕಿಕೊಂಡು ತಳ್ಳಿದೆ. ಸಂಘದವರು ಕಾರು ಕೆಟ್ಟಿತೆಂದು ಬರೆದುಕೊಟ್ಟೂ ಇದ್ದಾರೆ. ದೊಡ್ಡ ಜನ, ಅವರು ಸುಳ್ಳು ಬರೆಯುತ್ತಾರೆಯೇ?

ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಡಿಸೆಂಬರಿನಲ್ಲಿ ಸಂಘದ ಇಪ್ಪತ್ತೈದನೆಯ ವರ್ಷದ ಸಮಾರಂಭ. ನನಗೆ ಶಾಲು ಹೊದಿಸುತ್ತಾರಂತೆ. ಅವರ ವಕೀಲರು ನನ್ನ ನಾಲ್ಕು ದಿನದ ವಿಷಯ ಬಗೆಹರಿಸುತ್ತಿದ್ದಾರೆ. ನನ್ನದು ಸರಿಹೋದರೆ ಪಟ್ಟಿಯೂ ಸರಿಹೋದ ಹಾಗೆಯೇ. ಆಗ ನಿಮ್ಮನ್ನು ನನ್ನ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಕರೆದೊಯ್ಯುತ್ತೇನೆ. ಇದು ನನ್ನ ವಾಗ್ದಾನ!

ಇಲ್ಲಿ ಪೇಟಿಗೆ ಹೊಸಬನೊಬ್ಬ ಬಂದಿದ್ದಾನೆ. ನಾನು ಉಸಿರು ತೆಗೆದುಕೊಳ್ಳುವ ಜಾಗ ಅವನಿಗೆ ಗೊತ್ತಾಗುವುದಿಲ್ಲ. ನಿನ್ನೆ ಹಾಡಿನ ಮಧ್ಯೆ ನಾನು ಬಾಯಿ ತೆರೆದು ನಿಂತೇ ಇದ್ದೆ.

ನಿಮ್ಮ ಪಾದಸೇವಕ,
ಗುಡುಗು

&nbsp;

ಜುಲೈ ೨

ಮಾವ,

ನನ್ನ ಅಕ್ಷರ ನೋಡಿ ಗಾಬರಿ ಆಗಬೇಡಿ. ಕೈಗೆ ಸೂಜಿ ಹಾಕಿಬಿಟ್ಟಿದ್ದಾರೆ, ಅದಕ್ಕೇ ಸಾಲು ಹತ್ತಿ ಇಳಿದು ಹೋಗ್ತಿದೆ. ನೀವು ಏಣಿ ಅಂದುಕೊಂಡು ಓದಿ.

ಒಂಬತ್ತು ವರ್ಷ ಈ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕೂತು ರೋಗಿಗಳ ನಿಲುವಂಗಿ ಹೊಲಿದೆ. ಹರಿದದ್ದಕ್ಕೆ ತೇಪೆ, ಬಿಚ್ಚಿದ್ದಕ್ಕೆ ಹೊಲಿಗೆ, ಉದುರಿದ್ದಕ್ಕೆ ಗುಂಡಿ. ಈಗ ಮೂರನೇ ಮಹಡಿಯಲ್ಲಿ ಅದೇ ನಿಲುವಂಗಿ ತೊಟ್ಟುಕೊಂಡು ಮಲಗಿದ್ದೀನಿ. ಎರಡನೇ ಗುಂಡಿ ಸಡಿಲ. ನಾನೇ ಹಚ್ಚಿದ್ದಿರಬೇಕು. ನೆಲಮಾಳಿಗೆಯಲ್ಲಿ ನನ್ನ ಪಕ್ಕದ ಮೆಷಿನ್ನಿನವಳು ದಿನಾ ಊಟದ ಬಿಡುವಿನಲ್ಲಿ ಬಂದು, "ಕೆಲಸಗಳ್ಳಿ, ಯಾವಾಗ ಕೆಳಗೆ ಬರ್ತೀಯಾ?" ಅಂತ ಬೈದು ಹೋಗ್ತಾಳೆ.

ರಕ್ತ ತಾನಾಗಿ ಹುಟ್ಟುತ್ತಿಲ್ಲ ಅಂತಾರೆ ಡಾಕ್ಟರು. ಹೊರಗಿನಿಂದ ಏರಿಸ್ತಾರೆ, ಒಂದು ವಾರ ಚೆನ್ನಾಗಿರ್ತೀನಿ. ಹೆದರುವಂಥದ್ದಲ್ಲ. ಅಪ್ಪನಿಗೆ ಹೇಳಿಲ್ಲ, ನೀವೂ ಹೇಳಬೇಡಿ. ಆ ಮಹಡಿ ಕೋಣೆಯಲ್ಲಿ ಒಬ್ಬರೇ ಕೂತು ಕೊರಗ್ತಾರೆ. ಬಂದಾಗ ಎದುರಿಗೆ ಕೂರಿಸಿಕೊಂಡು ಹೇಳ್ತೀನಿ.

ಇಲ್ಲಿ ಆಸ್ಪತ್ರೆಯಲ್ಲಿ ರೋಗಿಗಳ ಮನೆಯವರ ವೀಸಾದ ವಿಷಯ ನೋಡಿಕೊಳ್ಳೋ ಒಬ್ಬರು ಹೆಂಗಸಿದ್ದಾರೆ. ಅಪ್ಪನ ಪಟ್ಟಿಯ ಕಥೆ ಪೂರ್ತಿ ಹೇಳಿದೆ. ಅವರು ಹೇಳಿದ್ದನ್ನು ಹಾಗೇ ಬರೀತೀನಿ. ಕರೆಸಿದವರ ಕಾರು ಕೆಟ್ಟಿದ್ದರೆ ಅದು ಇಡೀ ತಂಡದ ತಪ್ಪು, ತಂಡದವರೆಲ್ಲ ಒಟ್ಟಿಗೆ ಇರೋ ಹಾಗೆ ನೋಡಿಕೊಳ್ಳಲಿಲ್ಲ ಅಂತ. ಒಬ್ಬ ಮನುಷ್ಯ ಗೊತ್ತಿದ್ದೂ ತಾನಾಗಿ ಉಳಿದಿದ್ದರೆ ಅದು ಅವನೊಬ್ಬನ ತಪ್ಪು. ಹಾಗಂತ ಅವನು ಬರೆದು ಸಹಿ ಹಾಕಿದರೆ ಮಿಕ್ಕ ಹದಿಮೂರು ಹೆಸರು ಬಿಟ್ಟುಬಿಡ್ತಾರಂತೆ. ಅವನಿಗೆ ಮಾತ್ರ ಬಾಗಿಲು ಬಹಳ ವರ್ಷ ಮುಚ್ಚುತ್ತೆ.

ಅವರು ಹೇಳಿದ್ದು ಇಷ್ಟು. ನಾನು ಏನೂ ಕೇಳ್ತಾ ಇಲ್ಲ ಮಾವ.

ಆದರೆ ಕಾರು ಕೆಡಲಿಲ್ಲ ಅಂತ ನನಗೆ ಗೊತ್ತು. ಆ ಊರಿನ ಸಭೆಗೆ ಹೋಗಿದ್ದವಳೊಬ್ಬಳು ನಮ್ಮ ಆಸ್ಪತ್ರೆಯಲ್ಲೇ ಇದ್ದಾಳೆ. ಕಾರ್ಯಕ್ರಮ ಇದ್ದದ್ದು ಸಂಜೆ ಆರಕ್ಕೆ. ವಿಮಾನ ಇದ್ದದ್ದು ಐದಕ್ಕೆ.

ನಿಮ್ಮ ಮೇಲೆ ಸಿಟ್ಟಿಲ್ಲ. ಯಾಕೆ ಅಂದರೆ ಇನ್ನೊಂದು ವಿಷಯ ನಾನೂ ಒಪ್ಪಿಕೊಳ್ಳಬೇಕು. ಅವತ್ತು ಹಿಂದಿನ ಸಾಲಿನಿಂದ ಮೊದಲು ಒನ್ಸ್ ಮೋರ್ ಕೂಗಿದವಳು ನಾನು. ಎರಡು ಸಲವೂ ನಾನೇ. ಹಾಡು ನಿಮ್ಮದು ಮಾವ, ಹಾಡು ಚೆನ್ನಾಗೇ ಇತ್ತು. ನಾನು ಕೂಗಿದ್ದು ಪೇಟಿಗೆ. ಪರದೆ ಬಿದ್ದರೆ ಅಪ್ಪ ಪೇಟಿ ಮುಚ್ಚುತ್ತಾರಲ್ಲ. ಇನ್ನೊಂದು ಸಲ, ಇನ್ನೊಂದು ಸಲ ಅಂತ ಅವರ ಬೆರಳು ನೋಡುತ್ತಾ ಕೂತಿದ್ದೆ. ಅದರಿಂದ ನಿಮ್ಮ ತಲೆಗೆ ಏನೇನೋ ಹತ್ತಿಬಿಟ್ಟಿದ್ದರೆ, ಅರ್ಧ ತಪ್ಪು ನನ್ನದು.

ಕೈ ನೋಯ್ತಿದೆ. ಗಂಟಲು ಹೇಗಿದೆ? ಬಿಸಿನೀರು ಕುಡೀರಿ, ಕಿರುಚಬೇಡಿ.

ನಿಮ್ಮ,
ಕೂಸು

&nbsp;

ಜುಲೈ ೨೦

ಕೂಸೇ,

ನಿನ್ನ ಕಾಗದ ಬಂದು ಎಂಟು ದಿನವಾಯಿತು. ಮೂರು ಸಲ ಉತ್ತರ ಬರೆದೆ. ಮೊದಲನೆಯದು ಆರು ಪುಟವಾಯಿತು, ಎರಡನೆಯದು ನಾಲ್ಕು. ಎರಡನ್ನೂ ಹರಿದೆ. ಇದು ಮೂರನೆಯದು.

ನೀನು ತಪ್ಪು ತಿಳಿಯಬೇಡ. ಬರೆಯುತ್ತೇನೆ. ಖಂಡಿತ ಬರೆದುಕೊಡುತ್ತೇನೆ. ಆದರೆ ಸಂಘದ ವಕೀಲರು ನನ್ನ ವಿಷಯವನ್ನು ಇನ್ನೇನು ಮುಗಿಸುತ್ತಿದ್ದಾರೆ. ಸೆಪ್ಟೆಂಬರ್ ಕೊನೆಗೆ ಗೊತ್ತಾಗುತ್ತದಂತೆ. ಈಗ ನಾನು ಬಾಯಿಬಿಟ್ಟರೆ ಅದೂ ನಿಂತುಹೋಗುತ್ತದೆ, ಸಂಘದವರ ಮಾನವೂ ಹೋಗುತ್ತದೆ. ಎರಡು ತಿಂಗಳು ತಾಳು. ನನ್ನದು, ಅಪ್ಪನದು, ಎಲ್ಲರದೂ ಒಟ್ಟಿಗೇ ಸರಿಯಾಗಿಬಿಡಲಿ. ನೀನೇ ಹೆದರುವಂಥದ್ದಲ್ಲ ಎಂದು ಬರೆದಿದ್ದೀಯಲ್ಲ.

ಪೇಟಿಯ ವಿಷಯ ಓದಿದೆ. ಅದಕ್ಕೆ ಏನು ಬರೆಯಬೇಕೆಂದು ಹೊಳೆಯುತ್ತಿಲ್ಲ. ನನಗೆ ಮಾತು ಹೊಳೆಯುತ್ತಿಲ್ಲ ಎಂದು ಅಪ್ಪನಿಗೆ ಹೇಳಬೇಡ, ನಂಬುವುದಿಲ್ಲ.

ಚೆನ್ನಾಗಿ ಊಟ ಮಾಡು.

ಮಾವ

&nbsp;

ಸೆಪ್ಟೆಂಬರ್ ೧೧

ಗುಡುಗು,

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಮಗಳ ಜೊತೆ ಕೆಲಸ ಮಾಡುವವಳು ಇವತ್ತು ಬೆಳಿಗ್ಗೆ ಫೋನು ಮಾಡಿದ್ದಳು. ತಮ್ಮನ ಹೆಂಡತಿ ತೆಗೆದುಕೊಂಡಳು. ನಾನು ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ಅವಳು ಬಾಗಿಲಲ್ಲಿ ಬಂದು ನಿಂತಳು, ಒಳಗೆ ಬರಲಿಲ್ಲ. "ಭಾವಾ, ಪಾಠ ನಿಲ್ಲಿಸಿ" ಎಂದಳು.

ಎಲ್ಲ ಕೇಳಿದೆ. ಮೇ ತಿಂಗಳಿಂದಲೂ ಇದೆಯಂತೆ. ಈಗ ಏರಿಸಿದ ರಕ್ತ ಎರಡು ದಿನವೂ ನಿಲ್ಲುತ್ತಿಲ್ಲ. ತನ್ನವರು ಯಾರಾದರೂ ಇದ್ದರೆ ಕರೆಸಿಕೊಳ್ಳಲಿ ಎಂದು ಡಾಕ್ಟರು ಹೇಳಿದ್ದಾರೆ. ಅವಳ ತಾಯಿ ಹೋದ ಮೇಲೆ ಅವಳವರು ಎಂದರೆ ನಾನೊಬ್ಬನೇ.

ನಿನಗೆ ಜುಲೈನಲ್ಲೇ ಬರೆದಿದ್ದಳಂತೆ.

ಮೇ ತಿಂಗಳಲ್ಲಿ ನಾನು ಕೇಳಿದ ರೀತಿ ಸರಿಯಿರಲಿಲ್ಲ. ಬಿಗುಮಾನದಲ್ಲಿ ಕೇಳಿದೆ. ಈಗ ಹಾಗೆ ಕೇಳುತ್ತಿಲ್ಲ. ಕೈ ಮುಗಿದು ಕೇಳುತ್ತೇನೆ ಕಣಯ್ಯಾ. ನಿನಗಿಂತ ಹನ್ನೊಂದು ವರ್ಷ ದೊಡ್ಡವನು ನಾನು. ನಿನಗೆ ಮೊದಲ ಹಾಡು ಕೂರಿಸಿದವನು. ನಿನ್ನ ಕಾಲು ಹಿಡಿಯಬೇಕೆಂದಿದ್ದರೆ ಬಸ್ಸು ಹತ್ತಿ ಬಂದು ಹಿಡಿಯುತ್ತೇನೆ.

ಕಾರು ಕೆಟ್ಟಿತ್ತೇ?

ಪೇಟಿ ಮೇಷ್ಟ್ರು

&nbsp;

ಸೆಪ್ಟೆಂಬರ್ ೧೪

ವೀಸಾ ಕಚೇರಿಯ ಮಾನ್ಯ ಅಧಿಕಾರಿಗಳಿಗೆ,

ನಾನು ಈ ಕಾಗದವನ್ನು ನನ್ನ ಭಾಷೆಯಲ್ಲೇ ಬರೆಯುತ್ತಿದ್ದೇನೆ. ನಿಮ್ಮ ಭಾಷೆಗೆ ಮಾಡಿಸಿದ್ದನ್ನು ಹಿಂದೆ ಲಗತ್ತಿಸಿದೆ. ಅದನ್ನು ಮಾಡಿಕೊಟ್ಟ ಹೈಸ್ಕೂಲು ಮೇಡಮ್ಮನವರು ಕೆಲವು ಕಡೆ ಮೃದು ಮಾಡಿದ್ದಾರೆಂಬ ಅನುಮಾನ ನನಗಿದೆ. ಹಾಗಿದ್ದರೆ ಇದನ್ನೇ ನಂಬಬೇಕು.

ನಾನು ವೃತ್ತಿಯಿಂದ ನಟ. ಹದಿನಾಲ್ಕು ಜನರ ತಂಡದಲ್ಲಿ ನಿಮ್ಮ ದೇಶಕ್ಕೆ ಬಂದಿದ್ದೆ. ಜನವರಿ ಹನ್ನೆರಡರ ಸಂಜೆ ಐದು ಗಂಟೆಗೆ ನಮ್ಮೆಲ್ಲರ ವಿಮಾನವಿತ್ತು. ವೀಸಾ ಅಂದಿಗೇ ಮುಗಿಯುತ್ತಿತ್ತು. ಅದು ನನಗೆ ಗೊತ್ತಿತ್ತು. ಆ ದಿನ ಬೆಳಿಗ್ಗೆ ಬೇರೆಯವರು ಏಳುವ ಮೊದಲೇ ನಾನು ಚೀಲ ಎತ್ತಿಕೊಂಡು ಇನ್ನೊಂದು ಊರಿಗೆ ಹೊರಟೆ. ಅಲ್ಲಿ ನನ್ನ ಹಾಡು ಇದ್ದದ್ದು ಸಂಜೆ ಆರಕ್ಕೆ. ಅದೂ ಗೊತ್ತಿತ್ತು. ಪಕ್ಕದ ಹಾಸಿಗೆಯಲ್ಲಿ ಮಲಗಿದ್ದವರು ನಮ್ಮ ಹಾರ್ಮೋನಿಯಂ ವಾದಕರು. ಅವರು ಕಣ್ಣು ಬಿಟ್ಟು, "ಎಲ್ಲಿಗೋ?" ಎಂದರು. "ಇಲ್ಲೇ, ಟೀ ಕುಡಿದು ಬರ್ತೀನಿ, ನೀವು ಮಲಗಿ" ಎಂದೆ. ಇದನ್ನು ನಾನು ಯಾರಿಗೂ ಹೇಳಿಲ್ಲ. ಅವರೂ ಇದುವರೆಗೆ ಯಾರಿಗೂ ಹೇಳಿದಂತಿಲ್ಲ.

ಕಾರು ಕೆಡಲಿಲ್ಲ. ಒಳ್ಳೆಯ ಕಾರು. ಕೆಟ್ಟಿತೆಂದು ನಾನು ಹೇಳಿದ್ದನ್ನು ನಂಬಿ ಸಂಘದವರು ಬರೆದುಕೊಟ್ಟರು. ಅವರ ತಪ್ಪೂ ಇಲ್ಲ.

ಏಕೆ ಉಳಿದೆ ಎಂದು ನೀವು ಕೇಳಬಹುದು. ನಿಮ್ಮ ನಮೂನೆಯಲ್ಲಿ ಕಾರಣ ಎಂದು ಒಂದು ಗೆರೆ ಬಿಟ್ಟಿದ್ದೀರಿ. ಕೆಲಸಕ್ಕಾಗಿ ಉಳಿಯಲಿಲ್ಲ, ತಲೆಮರೆಸಿಕೊಳ್ಳಲು ಉಳಿಯಲಿಲ್ಲ. ಹಿಂದಿನ ರಾತ್ರಿ ಜನ ನನ್ನನ್ನು ಮೂರು ಸಲ ಹಾಡಿಸಿದ್ದರು. ನನಗೆ ಅರವತ್ತೊಂದು ವರ್ಷ. ಇಲ್ಲಿ ನಮ್ಮ ಆಟಕ್ಕೆ ಈಗ ಅರ್ಧ ಕುರ್ಚಿ ತುಂಬಿದರೆ ಹೆಚ್ಚು. ಒಂದಿಡೀ ದೇಶ ನನ್ನನ್ನು ಬಿಡಲೊಲ್ಲದು ಎಂದುಕೊಂಡುಬಿಟ್ಟೆ.

ಆ ಊರಿನ ಸಭೆಯಲ್ಲಿ ನಲವತ್ತು ಜನ ಇದ್ದರು. ಪೇಟಿ ಇರಲಿಲ್ಲ, ಟೇಪು ಹಾಕಿದರು. ಟೇಪು ನನಗಾಗಿ ಕಾಯಲಿಲ್ಲ. ಎರಡನೆಯ ಸಾಲಿಗೇ ನನ್ನ ದನಿ ಒಂದು ಕಡೆ, ಅದು ಒಂದು ಕಡೆ. ಹಾಡು ಮುಗಿದಾಗ ಚಪ್ಪಾಳೆ ಹೊಡೆದರು, ಮರ್ಯಾದಸ್ಥರು. ಇನ್ನೊಂದು ಸಲ ಎಂದು ಒಬ್ಬರೂ ಕೇಳಲಿಲ್ಲ. ಆ ಹೊತ್ತಿಗೆ ನನ್ನ ತಂಡದವರ ವಿಮಾನ ಮೇಲೆದ್ದಿತ್ತು.

ತಪ್ಪು ನನ್ನೊಬ್ಬನದು. ಹದಿಮೂರು ಜನ ಹೇಳಿದ ದಿನಕ್ಕೆ, ಹೇಳಿದ ಹೊತ್ತಿಗೆ ಹೊರಟವರು. ಅವರ ಪೈಕಿ ಹಾರ್ಮೋನಿಯಂ ವಾದಕರ ಮಗಳು ನಿಮ್ಮ ದೇಶದ ಆಸ್ಪತ್ರೆಯೊಂದರಲ್ಲಿ ಸಾವು ಬದುಕಿನ ನಡುವೆ ಇದ್ದಾಳೆ. ನನ್ನ ಹೆಸರಿಗೆ ಎಷ್ಟು ವರ್ಷ ಬೇಕಾದರೂ ಹಾಕಿಕೊಳ್ಳಿ, ನಾನು ಕೇಳುವುದಿಲ್ಲ. ಅವರ ಹೆಸರನ್ನು ಮಾತ್ರ ಇವತ್ತೇ ಬಿಡಿ. ನಾಳೆಗೆ ಇಡಬೇಡಿ. ನಾಳೆ ಎಂದು ಇಟ್ಟವನು ನಾನು, ಅದರ ಫಲ ನೋಡುತ್ತಿದ್ದೇನೆ.

ಇಷ್ಟನ್ನು ಯಾರ ಒತ್ತಾಯವೂ ಇಲ್ಲದೆ ಬರೆದು ಸಹಿ ಮಾಡಿದ್ದೇನೆ.

ಪಟ್ಟಿಯ ಮೂರನೆಯ ಹೆಸರಿನವನು

&nbsp;

ಅಕ್ಟೋಬರ್ ೯

ಗುಡುಗು,

ಅನುಮತಿ ಬಂತು. ಮಂಗಳವಾರ ಕಚೇರಿಯಿಂದ ಕರೆದರು, ಹೋದೆ. ಹದಿನೈದು ದಿನದ್ದು. ಕಿಟಕಿಯ ಹುಡುಗಿ ಎದ್ದು ನಿಂತು ಪಾಸ್‌ಪೋರ್ಟು ಕೊಟ್ಟಳು. "ತಾತ, ಕೊನೆಗೂ ಬಂತಲ್ಲ! ಮಗಳಿಗೆ ಏನು ತಗೊಂಡು ಹೋಗ್ತೀರಾ?" ಎಂದಳು. ಅವಳಿಗೆ ಗೊತ್ತಿರಲಿಲ್ಲ. "ನೋಡ್ಬೇಕಮ್ಮ" ಎಂದೆ.

ಮಗಳು ಹೋಗಿದ್ದು ಅದರ ಹಿಂದಿನ ಶನಿವಾರ, ಬೆಳಿಗ್ಗೆ ಹತ್ತೂವರೆಗೆ.

ಕೊನೆಯ ವಾರ ಪ್ರತಿದಿನ ಫೋನಿನಲ್ಲಿ ಮಾತಾಡಿಸಿದರು. ಅವಳಿಗೆ ದನಿ ಇರಲಿಲ್ಲ. ನಾನು ಫೋನನ್ನು ಪೇಟಿಯ ಪಕ್ಕ ಇಟ್ಟು ನುಡಿಸುತ್ತಿದ್ದೆ. ಕೇಳುತ್ತಿದ್ದಾಳೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ನಿಲ್ಲಿಸಿದರೆ ಅವಳ ಜೊತೆ ಕೆಲಸದ ಆ ಹೆಂಗಸು, "ಅಂಕಲ್, ನಿಲ್ಲಿಸಬೇಡಿ, ಕೈಸನ್ನೆ ಮಾಡ್ತಿದಾಳೆ" ಎನ್ನುತ್ತಿದ್ದಳು. ನನ್ನ ಕಣ್ಣಿಗೆ ಕಾಣುತ್ತಿದ್ದದ್ದು ಫೋನು ಮಾತ್ರ.

ಸುಟ್ಟ ಮೇಲಿನದ್ದನ್ನು ಒಂದು ಡಬ್ಬಿಯಲ್ಲಿ ಹಾಕಿ ಕೊಟ್ಟಿದ್ದಾರಂತೆ. ಆ ಹೆಂಗಸು ನೆಲಮಾಳಿಗೆಯಲ್ಲಿ ತನ್ನ ಮೆಷಿನ್ನಿನ ಮೇಲಿನ ಗೂಡಿನಲ್ಲಿ ಇಟ್ಟುಕೊಂಡಿದ್ದಾಳೆ. ಹತ್ತೊಂಬತ್ತಕ್ಕೆ ನನ್ನ ವಿಮಾನ. ತಮ್ಮನಿಗೆ ಮಂಡಿ ನೋವು, ಬರಲಾರ. ಒಬ್ಬನೇ ಹೋಗುತ್ತೇನೆ.

ನಿನ್ನ ತಪ್ಪೊಪ್ಪಿಗೆ ಪತ್ರದ ಪ್ರತಿ ನನಗೂ ಕೊಟ್ಟರು. ಓದಿದೆ. ಟೀ ಕುಡಿಯಲು ಹೋಗುತ್ತೇನೆಂದ ಬೆಳಿಗ್ಗೆ ನೀನು ಕಿರೀಟದ ಚೀಲ ಎತ್ತಿಕೊಂಡದ್ದು ನನಗೆ ಕಂಡಿತ್ತು. ಆಗಲೇ ಎದ್ದು ನಿನ್ನ ಕೈ ಹಿಡಿಯಬಹುದಿತ್ತು. ಹಾಡಿ ಬರಲಿ ಪಾಪ ಎಂದುಕೊಂಡೆ, ಮಗ್ಗುಲಾದೆ.

ಅವಳ ಅಪ್ಪ

&nbsp;

ಅಕ್ಟೋಬರ್ ೧೮

ಮೇಷ್ಟ್ರೇ,

ಇದನ್ನು ಅಂಚೆಗೆ ಹಾಕುತ್ತಿಲ್ಲ. ನಿಮ್ಮ ತಮ್ಮನ ಮನೆಯ ಬಾಗಿಲ ಕೆಳಗೆ ತೂರಿಸಿ ಹೋಗುತ್ತೇನೆ. ಬಸ್ ನಿಲ್ದಾಣದ ಎದುರಿನ ಲಾಡ್ಜಿನಲ್ಲಿದ್ದೇನೆ. ಮಧ್ಯಾಹ್ನ ಬಂದಿಳಿದೆ. ನಿಮ್ಮ ಬೀದಿಯಲ್ಲಿ ಎರಡು ಸಲ ಹೋಗಿ ಬಂದೆ. ಮಹಡಿಯ ಕಿಟಕಿಯಲ್ಲಿ ಒಂದು ಬಿಳಿ ಅಂಗಿ ಒಣಗುತ್ತಿತ್ತು. ಕೆಳಗೆ ಜಗುಲಿಯಲ್ಲಿ ಕೂತಿದ್ದ ನಿಮ್ಮ ತಮ್ಮ ನನ್ನನ್ನು ನೋಡಿದರು, ಕರೆಯಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಕರೆಯುತ್ತಿರಲಿಲ್ಲ.

ಕ್ಷಮಿಸಿ ಎಂದು ಬರೆಯಲು ಕೂತೆ. ಬರೆದು ನೋಡಿದೆ. ನಾನು ಬರೆದರೆ ಅದೂ ಒಂದು ಮಾತುಗಾರಿಕೆಯಾಗಿ ಕಾಣುತ್ತದೆ. ಎಷ್ಟು ವರ್ಷ ಎಷ್ಟು ದೊರೆಗಳ ಬಾಯಲ್ಲಿ ಎಷ್ಟು ಜನರ ಕ್ಷಮೆ ಕೇಳಿದ್ದೇನೋ! ಆ ಮಾತಿನಲ್ಲಿ ಒಂದು ಹನಿ ರಸವೂ ಉಳಿದಿಲ್ಲ. ಹೊಡೆದುಹಾಕಿದೆ.

ನೀವು ನಿಮ್ಮ ತಪ್ಪೆಂದು ಒಂದು ಸಾಲು ಬರೆದಿದ್ದೀರಿ. ಅವಳೂ ಅರ್ಧ ತಪ್ಪು ತನ್ನದೆಂದು ಬರೆದಿದ್ದಳು. ತಂದೆ ಮಗಳು ಇಬ್ಬರೂ ಹೀಗೆ ಹಂಚಿಕೊಂಡರೆ ನನಗೆ ಏನೂ ಉಳಿಯುವುದಿಲ್ಲ. ದಯವಿಟ್ಟು ಹಂಚಿಕೊಳ್ಳಬೇಡಿ ಮೇಷ್ಟ್ರೇ. ಅದು ನನ್ನದು. ಜುಲೈನಲ್ಲಿ ಅವಳ ಕಾಗದ ಬಂದ ದಿನವೇ ಆ ಒಂದು ಹಾಳೆ ಬರೆದಿದ್ದರೆ ಆಗಸ್ಟಿನಲ್ಲಿ ನೀವು ಅವಳ ಹಾಸಿಗೆಯ ಪಕ್ಕ ಕೂತಿರುತ್ತಿದ್ದಿರಿ. ಬರೆಯಲು ಹಿಡಿದದ್ದು ಒಂದು ಮುಂಜಾನೆ. ಬರೆಯದೆ ಇದ್ದದ್ದು ಎರಡು ತಿಂಗಳು. ಒಂದು ಶಾಲಿಗೆ.

ನನಗೆ ಹತ್ತು ವರ್ಷ ಹಾಕಿದ್ದಾರೆ. ಕಂಪನಿಯವರು ಅಯ್ಯೋ ಎಂದರು. ನನಗೆ ಕಮ್ಮಿಯಾಯಿತು ಅನ್ನಿಸಿತು. ಸಂಘದವರು ಶಾಲು ಬೇರೆಯವರಿಗೆ ಹೊದಿಸುತ್ತಾರಂತೆ. ಹೊದಿಸಲಿ, ಚಳಿಗಾಲ.

ಮೊನ್ನೆ ಆಟದಲ್ಲಿ ಸತ್ತು ಬಿದ್ದಿದ್ದಾಗ ಜನ ಮತ್ತೆ ಹಾಡು ಎಂದು ಕೂಗಿದರು. ನಾನು ಏಳಲಿಲ್ಲ. ಹಾಸ್ಯಪಾತ್ರದವನು ಪಕ್ಕದಿಂದ, "ಅಣ್ಣಾ, ಏಳಣ್ಣಾ, ಏನಾಯ್ತು?" ಎಂದು ಪಿಸುಗುಟ್ಟಿದ. ಮಲಗೇ ಇದ್ದೆ. ಪರದೆ ಎಳೆದರು.

ನಾಳೆಯ ಮಾತು ಹೇಳಿ ಮುಗಿಸುತ್ತೇನೆ. ನಿಮ್ಮದು ಒಂಬತ್ತೂವರೆಯ ವಿಮಾನ ಎಂದು ವಿಚಾರಿಸಿಕೊಂಡಿದ್ದೇನೆ. ನಾಳೆ ಬೆಳಿಗ್ಗೆ ಐದೂವರೆಗೆ ಆಟೋ ತಂದು ನಿಮ್ಮ ಗೇಟಿನ ಮುಂದೆ ನಿಂತಿರುತ್ತೇನೆ. ಗಂಟೆ ಒತ್ತುವುದಿಲ್ಲ, ಕೂಗುವುದಿಲ್ಲ. ನೀವು ಹತ್ತಿದರೆ ಡ್ರೈವರ್ ಪಕ್ಕದಲ್ಲಿ ಕೂರುತ್ತೇನೆ. ಹತ್ತದೆ ಬೇರೆ ಆಟೋ ಹಿಡಿದರೆ ಹಿಂದೆ ಬರುತ್ತೇನೆ. ದಾರಿಯಲ್ಲಿ ಒಂದು ಮಾತೂ ಆಡುವುದಿಲ್ಲ. ಅಲ್ಲಿ ಇಳಿದ ಮೇಲೆ ನಿಮ್ಮ ಚೀಲವನ್ನು ನಾನು ಹಿಡಿದುಕೊಳ್ಳುತ್ತೇನೆ, ಅಷ್ಟಕ್ಕೆ ಮಾತ್ರ ಬೇಡ ಎನ್ನಬೇಡಿ. ಟಿಕೆಟ್ಟು ನೋಡಿ ಒಳಗೆ ಬಿಡುವ ಬಾಗಿಲ ತನಕ ಬರುತ್ತೇನೆ. ಅದರಾಚೆಗೆ ನನಗೆ ಅಪ್ಪಣೆ ಇಲ್ಲ. ಚೀಲ ನಿಮ್ಮ ಕೈಗೆ ಕೊಟ್ಟು, ನಿಮ್ಮ ವಿಮಾನ ಮೇಲೆದ್ದು ಹೋಗುವ ತನಕ ನಾಳೆ ಬೆಳಿಗ್ಗೆ ಆ ಬಾಗಿಲ ಹೊರಗೆ ನಿಂತಿರುತ್ತೇನೆ.

ಗುಡುಗು